ಅನಂತರಾಜು ಮನೆಗೆ ಬಂದರೆ

ಉಪ್ಪಾರಹಳ್ಳಿಯ ಅನಂತರಾಜು ಸೀರಿಯಲ್‌ಗಳಿಗೆ ಕಲಾವಿದರನ್ನು ಒದಗಿಸುವ ಏಜೆಂಟ್. ಯಾರ ಎತ್ತರ ಎಷ್ಟು ಸೆಂಟಿಮೀಟರ್, ಯಾರಿಗೆ ಗ್ಲಿಸರಿನ್ ಇಲ್ಲದೆ ಅಳು ಬರುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಮದುವೆ ಊಟಕ್ಕೆ ಕೂತರೂ ಎದುರು ಪಂಕ್ತಿಯಲ್ಲಿ ಅವನಿಗೆ ಒಬ್ಬ ಜಡ್ಜ್, ಇಬ್ಬರು ಅತ್ತೆಯರು ಕಾಣಿಸುತ್ತಾರೆ. ಪಾತ್ರ ಸಿಕ್ಕರೆ ಕಲಾವಿದರಿಗೆ ಫೋನ್ ಮಾಡುತ್ತಾನೆ. ಸಿಗದಿದ್ದರೆ ಮಾತ್ರ, 'ಇಲ್ಲ ಅನ್ನೋದನ್ನ ಫೋನಲ್ಲಿ ಹೇಳಬಾರ್ದು' ಎಂದು ಬಾಳೆಹಣ್ಣು ಹಿಡಿದು ಬಸ್ಸು ಹತ್ತುತ್ತಾನೆ. ಕಡಬದ ಎಪ್ಪತ್ತೊಂದರ ಚಿಕ್ಕಮಾರಮ್ಮ ಒಂದೇ ಒಂದು ಅಜ್ಜಿ ಪಾತ್ರಕ್ಕಾಗಿ ಎರಡು ವರ್ಷದಿಂದ ಕಾಯುತ್ತಿದ್ದಾಳೆ. ಮೊನ್ನೆ ಆರನೇ ಸಲ ಅವಳ ಬಾಗಿಲಲ್ಲಿ ಹಣ್ಣು ಹಿಡಿದು ನಿಂತ. ಹಣ್ಣು ನೋಡಿ ಅವಳೇ ನಕ್ಕಳು: 'ಬುಡು ಕಣ್ಲಾ ರಾಜು, ಅಜ್ಜಿಯಾಗೋಕೆ ನಂಗಿನ್ನೂ ವಯಸ್ಸಾಗಿಲ್ಲ. ಬಾ, ಕಾಫಿ ಕುಡಿ.' ಲೋಟ ಕೈಗಿಡುವಾಗ ಮೆಲ್ಲಗೆ ಸೇರಿಸಿದಳು: 'ಮುಂದಿನ ಸಲ ಮಾತ್ರ ನೀನು ಬರ್ಬೇಡ, ಫೋನ್ ಮಾಡು.'