ಗಾಡಿಗಳಿಲ್ಲದ ಧಾರಾವಾಹಿ

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ರಾಯಾಪುರದ ಹತ್ತಿರ ನಾನು ಒಂದು ಅಪಘಾತ ನೋಡಿದೆ. ನೋಡಿದೆ ಎಂಬುದನ್ನು ಸ್ವಲ್ಪ ಎಚ್ಚರದಿಂದ ಹೇಳಬೇಕು. ನವನಗರದ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಕಾರ್ಖಾನೆಯ ಕೆಲಸಕ್ಕೆ ಹೊರಟಿದ್ದೆ. ನನ್ನ ಮುಂದೆ ಹತ್ತಿಯ ಅಂಡಿಗೆ ಹೇರಿದ ಒಂದು ಲಾರಿ, ಅದರ ಎಡಕ್ಕೆ ಒಂದು ಆಟೋ. ಲಾರಿ ಎಡಕ್ಕೆ ಸರಿದದ್ದು ನೋಡಿದೆ. ಆಟೋ ಮಗ್ಗುಲಾಗಿ ಬಿದ್ದಿದ್ದನ್ನೂ ನೋಡಿದೆ. ನಡುವಿನದನ್ನು ನೋಡಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದೆ.

ಯಾರಿಗೂ ಹೆಚ್ಚಿನ ಪೆಟ್ಟಾಗಲಿಲ್ಲ. ಆಟೋದವನ ಮಣಿಕಟ್ಟು ಉಳುಕಿತ್ತು. ಒಳಗಿದ್ದ ಹೆಂಗಸು ತಾನೇ ಹೊರಗೆ ಬಂದು, ಸೀರೆ ಕೊಡವಿಕೊಂಡು, ಮೊದಲು ರಸ್ತೆ ಮೇಲೆ ಚೆಲ್ಲಿದ್ದ ಮೆಂತ್ಯದ ಸಿವುಡುಗಳನ್ನು ಆರಿಸಿಕೊಂಡಳು. ಠಾಣೆಯಲ್ಲಿ ನನ್ನ ಹೇಳಿಕೆ ಬರೆದುಕೊಂಡ ಪೊಲೀಸರು, "ಲಾರಿ ಬಡೀತೋ, ಆಟೋದವ ತಾನ ತಿರುಗಿಸಿದನೋ?" ಎಂದು ಕೇಳಿದರು. ನಾನು ಇದ್ದದ್ದು ಹೇಳಿದೆ.

"ಎಲ್ಲಾರೂ ಬರೋಬರಿ ಅದ ಕ್ಷಣಕ್ಕ ಕಣ್ಣು ಮುಚ್ಚತೀರಿ ನೋಡ್ರಿ, ಅಕ್ಕಾರ," ಎಂದು ನಕ್ಕು, ಅದನ್ನೂ ಬರೆದುಕೊಂಡರು.

ನನಗೇನೂ ಆಗಿರಲಿಲ್ಲ. ಒಂದು ಗೀರೂ ಇಲ್ಲ. ಆದರೆ ಮರುದಿನ ಕಾಲೋನಿಯ ಮುಂದಿನ ದೊಡ್ಡ ರಸ್ತೆಯ ಅಂಚಿಗೆ ಹೋಗಿ ನಿಂತರೆ ಕಾಲು ಮುಂದೆ ಬರಲಿಲ್ಲ. ನಾನು ನೋಡದಿದ್ದ ಆ ಒಂದು ಕ್ಷಣ ತಲೆಯೊಳಗೆ ನೂರು ಬಗೆಯಲ್ಲಿ ನಡೆಯುತ್ತಿತ್ತು, ಒಂದಕ್ಕಿಂತ ಒಂದು ಕೆಟ್ಟದಾಗಿ. ಸ್ಕೂಟರ್ ಬೇಡ, ಕಾರ್ಖಾನೆಯ ಬಸ್ಸಿಗೆ ಹೋಗು ಎಂದರು ಮನೆಯವರು. ಬೇಲೂರು ಕೈಗಾರಿಕಾ ಪ್ರದೇಶಕ್ಕೆ ಹೋಗುವ ಆ ಬಸ್ಸು ನಿಲ್ಲುವುದು ರಸ್ತೆಯ ಆಚೆ ಬದಿಗೆ. ಅಲ್ಲಿಗೆ ಹೋಗಬೇಕಾದರೂ ದಾಟಬೇಕಲ್ಲ. ಉಗ್ರಾಣ ವಿಭಾಗದ ಮುಖ್ಯಸ್ಥರು ಫೋನು ಮಾಡಿ, ತಿಂಗಳ ರಜೆ ತೆಗೆದುಕೊಳ್ಳಿ, ಆಮೇಲೂ ಬರಲಾಗದಿದ್ದರೆ ನಿಮ್ಮ ಜಾಗಕ್ಕೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಬಹಳ ಮರ್ಯಾದೆಯಿಂದ ಹೇಳಿದರು. ಹದಿನಾರು ವರ್ಷಗಳಿಂದ ನಾನು ಕೂತ ಜಾಗ ಅದು.

ನಮ್ಮ ಕಡೆ ಯಾರಿಗಾದರೂ ಏನಾದರೂ ಆದರೆ ಮಾತಾಡಿಸಿಕೊಂಡು ಹೋಗಲು ಜನ ಬರುತ್ತಾರೆ. ಏನೂ ಆಗದವಳನ್ನು ಮಾತಾಡಿಸಲು ಬಂದವರಿಗೆ ಸ್ವಲ್ಪ ಕಷ್ಟವಾಯಿತು. ಹತ್ತಿ ದಲಾಲಿ ಮಾಡುವ ಸೋದರಮಾವ ಎಳನೀರು ಹಿಡಿದುಕೊಂಡು ಬಂದು, ನನ್ನ ಕೈ ನೋಡಿದರು, ಕಾಲು ನೋಡಿದರು.

"ಎಲ್ಲಿ ಪೆಟ್ಟಾಗೇತಿ?"

"ಎಲ್ಲೂ ಇಲ್ಲ ಮಾಮಾ."

"ಮತ್ತ ಎಳನೀರು ಯಾರಿಗೆ?"

"ನನಗ ಕೊಡ್ರಿ," ಎಂದರು ನಮ್ಮ ಅತ್ತೆ, ನನ್ನ ಗಂಡನ ತಾಯಿ. "ಬಂದವರಿಗೆಲ್ಲಾ ಹೇಳಿ ಹೇಳಿ ನನ್ನ ಗಂಟಲಾ ಒಣಗೇತಿ."

ಹೀಗೆ ಬಂದವರು ಏಳುವಾಗ ಬಾಗಿಲಲ್ಲಿ ನಿಂತು ಒಂದು ಮಾತು ಹೇಳದೆ ಹೋಗುತ್ತಿರಲಿಲ್ಲ. ಮೊದಲಾದರೆ ಕಷಾಯ ಹೇಳುತ್ತಿದ್ದರು, ಹರಕೆ ಹೇಳುತ್ತಿದ್ದರು. ಈಗ ಧಾರಾವಾಹಿ ಹೇಳುತ್ತಾರೆ. ಸುಮ್ಮನೆ ಕೂಡಬೇಡಿ, ಅದನ್ನು ಹಚ್ಚಿ ನೋಡಿ, ಎರಡು ಭಾಗ ತಡೆದುಕೊಳ್ಳಿ, ಮೂರನೆಯದರಿಂದ ಹಿಡಿಯುತ್ತದೆ. ಟಿವಿಗೆ ಇಂಟರ್ನೆಟ್ ಬಂದಮೇಲೆ ಪ್ರತಿ ಮನೆಯಲ್ಲೂ ಒಬ್ಬರಾದರೂ ವೈದ್ಯರಿದ್ದಾರೆ.

ಮೊದಲ ಔಷಧ ಕೊಟ್ಟವರು ಮಹಡಿಯ ಮೇಲಿನ ಮಾಸ್ತರು. ಧಾರವಾಡದ ಸಾಲೆಯೊಂದರಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಅವರು ಬಹಳ ಹೊಗಳಿದ ಒಂದು ಕೋರ್ಟಿನ ಕಥೆಯನ್ನು ಹಚ್ಚಿದೆವು. ಹೆಸರುಗಳು ಮುಗಿದು ಮೊದಲ ದೃಶ್ಯದಲ್ಲೇ ಒಂದು ಲಾರಿ ಬಂತು. ನಾನು ಅಡಿಗೆಮನೆಗೆ ಹೋಗಿ ಸಿಂಕಿನ ನಲ್ಲಿ ಪೂರ್ತಿ ತಿರುಗಿಸಿ ನಿಂತುಕೊಂಡೆ, ಸದ್ದು ಕೇಳಬಾರದೆಂದು.

ಇದು ತಿಳಿದು ಮಾಸ್ತರು ಬಹಳ ನೊಂದುಕೊಂಡರು. ಮರುದಿನ ಕೆಳಗೆ ಬಂದು, "ತಂಗಿ, ಇನ್ನ ಮ್ಯಾಲೆ ನಾ ಮೊದಲ ನೋಡ್ತೀನಿ. ಗಾಡಿ ಇಲ್ಲದ್ದು ಅಂತ ಖಾತ್ರಿ ಆದಮ್ಯಾಲೆ ನೀ ನೋಡು," ಎಂದರು.

ಗಾಡಿಗಳಿಲ್ಲದ ಧಾರಾವಾಹಿ ಹುಡುಕುವುದು ಎಷ್ಟು ಕಷ್ಟ ಎಂದು ನಮಗೆ ಆಗ ತಿಳಿಯಿತು. ರಾಜರ ಕಾಲದ ಕಥೆಯೇ ಸುರಕ್ಷಿತ ಎಂದು ಮಾಸ್ತರು ಅಲ್ಲಿಂದ ಶುರು ಮಾಡಿದರು. ನಾಲ್ಕನೇ ಭಾಗದಲ್ಲಿ ರಥ ಉರುಳಿತು. ಸಮುದ್ರದ ಸಾಕ್ಷ್ಯಚಿತ್ರ ತಂದರು, ಅದರಲ್ಲಿ ಹಡಗು ಮುಳುಗಿತ್ತು. ಕಡೆಗೆ ಮಾಸ್ತರು ಇನ್ನೊಂದು ದಾರಿ ಹಿಡಿದರು. ಗಾಡಿ ಬಂದರೂ ಚಿಂತೆಯಿಲ್ಲ, ಏನಾಗುತ್ತದೆ ಎಂದು ಮೊದಲೇ ಹೇಳಿಬಿಡುವುದು. ಪಾಠ ಓದಿಸುವ ಮೊದಲು ಇಡೀ ಪಾಠದ ಸಾರಾಂಶ ಹೇಳುವುದು ಅವರ ಸಾಲೆಯ ಪದ್ಧತಿಯಂತೆ. ನಮ್ಮ ಸೋಫಾದ ತುದಿಗೆ ಕೂತು ಹೇಳುತ್ತಿದ್ದರು:

"ಮೂರನೇ ಭಾಗದಾಗ ಒಂದು ಟ್ರ್ಯಾಕ್ಟರ್ ಬರ್ತದ. ಬಾಗಲ ಮುಂದ ನಿಲ್ತದ. ಅದರಾಗಿಂದ ಬೀಗರು ಇಳೀತಾರ. ಬೀಗರಿಂದ ತ್ರಾಸ ಅದ. ಟ್ರ್ಯಾಕ್ಟರಿಂದ ಏನೂ ಇಲ್ಲ."

ಅವರ ಹೆಂಡತಿ, ನಾವೆಲ್ಲ ಕಾಕು ಎನ್ನುವವರು, ಸಿಟ್ಟಾಗುತ್ತಿದ್ದರು. "ಎಲ್ಲಾ ನೀವ ಹೇಳಿಬಿಟ್ರ ಅಕಿ ನೋಡೂದರ ಏನು?"

ಅತ್ತೆಯದು ಬೇರೆ ದೂರು. "ನನಗ ಲಾರಿ ಅಂಜಿಕಿ ಇಲ್ಲ, ಟ್ರ್ಯಾಕ್ಟರ್ ಅಂಜಿಕಿ ಇಲ್ಲ. ನನಗ್ಯಾಕ ಈ ಶಿಕ್ಷಾ?" ಮಾಸ್ತರು ಬಾಯಿ ತೆರೆದ ಕೂಡಲೆ ಸೆರಗು ತಲೆಯ ಮೇಲೆ ಎಳೆದುಕೊಂಡು ಎರಡೂ ಕಿವಿ ಮುಚ್ಚಿಕೊಂಡು ಕೂಡುತ್ತಿದ್ದರು. ಮಾಸ್ತರು ಮುಗಿಸಿದ ಮೇಲೆ ನಾನು ಅತ್ತೆಯ ಭುಜ ತಟ್ಟಬೇಕು.

ನನಗೆ ಮಾತ್ರ ಹಾಗೆ ನೋಡುವುದು ಹಿಡಿಸಿತು. ಮುಂದೇನು ಎಂಬ ಆತುರವಿಲ್ಲದೆ ನೋಡಿದರೆ ಬೇರೆ ಬೇರೆಯವು ಕಾಣುತ್ತವೆ. ಬೀಗರು ಇಳಿಯುವಾಗ ಮನೆಯ ಮಗಳು ಒಳಗೆ ಓಡುವುದಿಲ್ಲ, ಅಂಗಳದ ಕಸವನ್ನು ಪೂರ್ತಿ ಗುಡಿಸಿ, ಬಾರಿಗೆ ಮೂಲೆಗಿಟ್ಟು, ಆಮೇಲೆ ಒಳಗೆ ಹೋಗುತ್ತಾಳೆ. ಅಷ್ಟರಲ್ಲೇ ಅವಳು ಎಂಥವಳೆಂದು ಗೊತ್ತಾಗುತ್ತದೆ. ಇಂದಿಗೂ ಯಾರಾದರೂ ಒಳ್ಳೆಯ ಕೌಟುಂಬಿಕ ಕಥೆ ಕೇಳಿದರೆ ನಾನು ಅದನ್ನೇ ಹೇಳುತ್ತೇನೆ. ಯಾರೂ ಕಿರುಚಿ ಮಾತಾಡದ ಧಾರಾವಾಹಿ ಅದು. ನಗಬೇಕೆನ್ನುವವರಿಗೆ, ಲಿಫ್ಟು ಕೆಟ್ಟ ಸರಕಾರಿ ಕಚೇರಿಯೊಂದರ ಹಾಸ್ಯ ಹೇಳುತ್ತೇನೆ. ಲಿಫ್ಟು ದುರಸ್ತಿಯಾಗಲು ಸಹಿ ಬೀಳಬೇಕಾದ ಕಡತ ಮೇಲಿನ ಮಹಡಿಯಲ್ಲಿದೆ, ಸಹಿ ಮಾಡುವವರಿಗೆ ಮೊಣಕಾಲು ನೋವು. ಅದನ್ನು ನೋಡುವಾಗ ಅತ್ತೆ ನಕ್ಕು ನಕ್ಕು ಅವಲಕ್ಕಿ ನೆತ್ತಿಗೇರಿಸಿಕೊಂಡರು. ಜೇನು ಕೀಳುವವರ ಸಾಕ್ಷ್ಯಚಿತ್ರವೊಂದಿದೆ. ಅದರಲ್ಲಿ ಹಿನ್ನೆಲೆಯ ಮಾತೇ ಇಲ್ಲ, ಜೇನ್ನೊಣಗಳ ಸದ್ದಷ್ಟೇ. ಮಧ್ಯಾಹ್ನ ಒಬ್ಬರೇ ಇದ್ದಾಗ ನೋಡಬೇಕು, ಫೋನು ದೂರ ಇಟ್ಟು.

ಹೀಗೆ ರಜೆ ಕರಗುತ್ತ ಬಂತು. ಮನೆಯೊಳಗೆ ನಾನು ನಗುತ್ತಿದ್ದೆ, ಉಣ್ಣುತ್ತಿದ್ದೆ. ರಸ್ತೆಯ ಅಂಚಿಗೆ ಮಾತ್ರ ಹೋಗಿ ಹೋಗಿ ತಿರುಗಿ ಬರುತ್ತಿದ್ದೆ. ಸೋಮವಾರ ಕೆಲಸಕ್ಕೆ ಹಾಜರಾಗಬೇಕಿತ್ತು. ಅದರ ಹಿಂದಿನ ಶನಿವಾರ ಸಂಜೆ ಮಾಸ್ತರು ಮತ್ತು ಕಾಕು ಒಂದು ಹೊಸ ಸಾಕ್ಷ್ಯಚಿತ್ರ ಹಿಡಿದು ಬಂದರು. ಗುಡ್ಡದ ಮೇಲಿನ ಊರಿಗೆ ಪಾಠ ಹೇಳಲು ಹೋಗುವ ಒಬ್ಬ ಶಿಕ್ಷಕಿಯದು.

"ಪೂರ್ತಿ ನೋಡೀನಿ," ಎಂದರು ಮಾಸ್ತರು. "ಬರೇ ನಡಕೋತ ಹೋಗ್ತಾಳ. ಗಾಡಿ ಇಲ್ಲ. ಸಾಮಾನು ಹೊರೋ ಒಂದು ಕತ್ತಿ ಅದ, ಭಾಳ ಸಂಭಾವಿತ."

ಅರ್ಧ ಮುಗಿಯುವವರೆಗೂ ಹಾಗೇ ಇತ್ತು. ಕತ್ತೆಯೂ ಅವರು ಹೇಳಿದಂತೆಯೇ ಇತ್ತು. ಆಮೇಲೆ ಮಳೆ ಬಂತು, ಶಿಕ್ಷಕಿ ಒಂದು ಜೀಪು ಹತ್ತಿದಳು. ಸಣ್ಣ ದಾರಿ, ಒಂದು ಕಡೆ ಪ್ರಪಾತ. ತಿರುವಿನಲ್ಲಿ ಜೀಪಿನ ಹಿಂದಿನ ಗಾಲಿ ಜಾರಿತು.

ಅತ್ತೆ ಚಟ್ಟನೆ ರಿಮೋಟು ಎತ್ತಿಕೊಂಡರು. ಟಿವಿ ಬಂದ್ ಮಾಡಬೇಕೆಂದು ಒತ್ತಿದ ಗುಂಡಿ ಬೇರೆಯಾಗಿತ್ತು. ಚಿತ್ರ ಅಲ್ಲೇ ನಿಂತಿತು, ಜೀಪು ಅಂಚಿನಲ್ಲಿ, ಇಡೀ ಟಿವಿಯ ಅಗಲಕ್ಕೆ.

"ಅಯ್ಯ ಶಿವನ, ಇದೇನು ಇಲ್ಲೇ ನಿಂತಿತು!" ಎಂದು ಅವರು ಇನ್ನೆರಡು ಸಲ ಒತ್ತಿದರು. ಚಿತ್ರ ಒಂದಿಷ್ಟು ಅಲುಗಿ ಮತ್ತೆ ನಿಂತಿತು.

ನಾನು ಮಾಸ್ತರ ಕಡೆ ತಿರುಗಿದೆ. "ಮುಂದ ಏನಾಗತೈತ್ರಿ?"

ಮಾಸ್ತರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಉತ್ತರ ಕೊಟ್ಟವರು ಕಾಕು. "ಅವ್ರಿಗೆ ಹ್ಯಾಂಗ ಗೊತ್ತಿರ್ತದ? ಊಟ ಆದಮ್ಯಾಲೆ ಹಚ್ಚಿದ್ರು. ಗೊರಕಿ ಹೊಡೀಲಿಕತ್ತಿದ್ರು. ನಾ ಅಂತೂ ಒಳಗ ಇದ್ದೆ."

"ಕತ್ತಿ ತನಕಾ ಎಚ್ಚರ ಇದ್ದೆ," ಎಂದರು ಮಾಸ್ತರು, ಸಣ್ಣ ದನಿಯಲ್ಲಿ.

ಯಾರಿಗೂ ಗೊತ್ತಿರಲಿಲ್ಲ. ಹೇಳುವವರು ಯಾರೂ ಇರಲಿಲ್ಲ. ನಾನು ಆ ನಿಂತ ಚಿತ್ರವನ್ನು ನೋಡಿದೆ. ಬಹುಶಃ ಒಂದು ಚಹಾ ಕುಡಿಯುವಷ್ಟು ಹೊತ್ತು ನೋಡಿದೆ. ಹಿಂದಿನ ಗಾಲಿಯ ಅರ್ಧ ಗಾಳಿಯಲ್ಲಿತ್ತು, ಉಳಿದರ್ಧ ಕಲ್ಲಿನ ಮೇಲಿತ್ತು. ಚಾಲಕನ ಮೊಣಕೈ ಕಿಟಕಿಯ ಹೊರಗಿತ್ತು, ಆರಾಮ ಕೂತವನ ಮೊಣಕೈಯ ಹಾಗೆ. ಶಿಕ್ಷಕಿಯ ತೊಡೆಯ ಮೇಲೆ ಕಿತ್ತಳೆ ಹಣ್ಣಿನ ಬುಟ್ಟಿ, ಅವಳ ಒಂದು ಕೈ ಬುಟ್ಟಿಯ ಮೇಲೆ. ಅವಳ ಕಣ್ಣುಗಳು ತೆರೆದಿದ್ದವು. ನನ್ನ ತಲೆಯೊಳಗಿನ ನೂರು ಬಗೆಗಳು ಆ ಹೊತ್ತಿಗೆ ಸುಮ್ಮನಿದ್ದವು. ಕಣ್ಣ ಮುಂದೆ ಇದ್ದದ್ದು ಒಂದೇ ಬಗೆ.

"ಅತ್ತಿ, ರಿಮೋಟ ಕೊಡ್ರಿ."

"ಬ್ಯಾಡವಾ. ನಾಳಿ ಮಾಸ್ತರು ನೋಡಿ ಹೇಳ್ಲಿ."

"ಕೊಡ್ರಿ ಅತ್ತಿ."

ನಾನೇ ಒತ್ತಿದೆ. ಗಾಲಿ ಒಮ್ಮೆ ಗಿರ್ರನೆ ತಿರುಗಿ ಕೆಸರು ಹಾರಿಸಿತು. ಜೀಪು ಮುಂದಕ್ಕೆ ನೆಗೆಯಿತು. ಒಂದು ಕಿತ್ತಳೆ ಉರುಳಿ ಹೊರಗೆ ಬಿತ್ತು. ಚಾಲಕ ಜೀಪು ನಿಲ್ಲಿಸಿ, ಇಳಿದು ಹೋಗಿ ಅದನ್ನು ಎತ್ತಿಕೊಂಡು ಬಂದು, ಅಂಗಿಗೆ ಒರೆಸಿ ಸುಲಿಯತೊಡಗಿದ. ಅಷ್ಟೇ ಆದದ್ದು.

"ಇಷ್ಟಕ್ಕ ನನ್ನ ಜೀವಾ ತಗದಿದ್ದೆಲ್ಲೋ, ಮೂಳಾ!" ಎಂದು ಅತ್ತೆ ಟಿವಿಯೊಳಗಿನ ಚಾಲಕನಿಗೆ ಬೈದರು. ಎಲ್ಲರೂ ನಕ್ಕೆವು. ಮಾಸ್ತರು ಮಾತ್ರ ಮೊದಲು ನಗಲಿಲ್ಲ. ಆಮೇಲೆ ಅವರೂ ನಕ್ಕರು.

ಆಗ ನನ್ನ ಭಯ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಭಾನುವಾರ ರಸ್ತೆಯ ಅಂಚಿಗೆ ಹೋದಾಗಲೂ ದಾಟಲಾಗಲಿಲ್ಲ. ಆದರೆ ಅಂದು ನಾನು ತಿರುಗಿ ಬರಲಿಲ್ಲ. ನಿಂತು ನೋಡಿದೆ. ಒಂದು ಲಾರಿ ಬಂತು, ಸಿಗ್ನಲ್ಲಿಗೆ ನಿಂತಿತು, ಹೋಯಿತು. ಇನ್ನೊಂದು ಬಂತು. ಯಾವುದನ್ನೂ ಕಣ್ಣು ಮುಚ್ಚಿ ಕಳೆದುಕೊಳ್ಳಲಿಲ್ಲ.

ಸೋಮವಾರ ಬೆಳಿಗ್ಗೆ ಅತ್ತೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. "ನಾನೂ ಬರ್ತೇನಿ. ಆಕಡಿ ಪ್ಯಾಟ್ಯಾಗ ಬದನಿಕಾಯಿ ಛಲೋ ಇರ್ತಾವ." ಆಕಡೆ ಯಾವ ಪೇಟೆಯೂ ಇರಲಿಲ್ಲ. ಸಿಗ್ನಲ್ ಬಿದ್ದಾಗ ಅವರು ನನ್ನ ಕೈ ಹಿಡಿದರೋ ನಾನು ಅವರದು ಹಿಡಿದೆನೋ ಖಚಿತವಾಗಿ ಹೇಳಲಾರೆ. ಎಡಗಡೆ ಒಂದು ಲಾರಿ ನಿಂತಿತ್ತು, ಅದರ ಚಾಲಕ ಬಾಯಿ ಮುಕ್ಕಳಿಸಿ ಉಗುಳುತ್ತಿದ್ದ. ಅತ್ತೆ ಅವನಿಗೂ ಬೈದರು. ದಾಟಿದೆವು.

ಬಸ್ಸು ಬಂತು, ಹತ್ತಿದೆ. ಕಿಟಕಿಯಿಂದ ನೋಡಿದರೆ ಅತ್ತೆ ಮರಳಿ ದಾಟಲು ಅಂಚಿನಲ್ಲಿ ನಿಂತಿದ್ದರು, ಒಬ್ಬರೇ. ಬಸ್ಸು ಹೊರಟುಬಿಟ್ಟಿತು. ನನಗೆ ಮುಂದಿನದು ಕಾಣಲಿಲ್ಲ. ರಾಯಾಪುರ ಬರುವವರೆಗೆ ಹೇಗೋ ತಡೆದುಕೊಂಡೆ, ಆಮೇಲೆ ಫೋನು ಮಾಡಿದೆ.

"ಅತ್ತಿ, ದಾಟಿದ್ರಿ?"

"ಯಾವಾಗೋ ದಾಟೇನಿ. ಮಾಸ್ತರ ಮನ್ಯಾಗ ಕುಂತೇನಿ. ಲಗೂ ಮಾತಾಡು, ಹೊಸಾದೊಂದು ಹಚ್ಯಾರ."

ಹಿಂದಿನಿಂದ ಮಾಸ್ತರ ದನಿ ಕೇಳಿಸಿತು. ಮೊದಲ ಭಾಗದಲ್ಲಿ ಒಂದು ಬಸ್ಸು ಇದೆ, ತಂಗಿಗೆ ಈಗಲೇ ಹೇಳಿಬಿಡುತ್ತೇನೆ, ಫೋನು ಕೊಡಿ ಎನ್ನುತ್ತಿದ್ದರು.

"ಅವ್ರಿಗೆ ಹೇಳಬ್ಯಾಡ್ರಿ ಅನ್ರಿ ಅತ್ತಿ," ಎಂದೆ. "ಸಂಜಿಕ ಬಂದು ನಾನ ನೋಡ್ತೇನಿ."