ಜೋಕಾಲಿಯ ಮೇಲಷ್ಟೇ ಹೇಳುವ ಮಾತು

ನಮ್ಮ ಅಕ್ಕ ನೆಲದ ಮೇಲೆ ನಿಂತು ತನ್ನ ಮನಸ್ಸಿನದು ಹೇಳಿದ್ದನ್ನು ನಾನು ಕೇಳಿಲ್ಲ. ಫೋನು ಮಾಡಿದರೆ "ಎಲ್ಲಾ ಆರಾಮ, ನೀ ಹೆಂಗದಿ?" ಅನ್ನುವಳು, ಅಲ್ಲಿಗೆ ಮುಗಿಯಿತು. ಅವಳ ಬಾಯಿ ಬಿಚ್ಚುವುದು ವರ್ಷಕ್ಕೊಮ್ಮೆ. ನಾಗರಪಂಚಮಿಗೆ, ಇಳಕಲ್ಲಿನ ನಮ್ಮ ತವರುಮನೆಯ ಹಿತ್ತಲಿನಲ್ಲಿ, ಬೇವಿನ ಗಿಡಕ್ಕೆ ಕಟ್ಟಿದ ಜೋಕಾಲಿಯ ಮೇಲೆ. ಇಬ್ಬರೂ ಒಂದೇ ಮಣೆಯ ಮೇಲೆ ಎದುರುಬದುರು ನಿಲ್ಲಬೇಕು, ಹಗ್ಗ ಹಿಡಿದು ಮೊಣಕಾಲು ಮಡಚಿ ಜೀಕಬೇಕು. ಜೋಕಾಲಿ ಒಂದಿಷ್ಟು ಮೇಲೇರಿತೋ, ಅಕ್ಕನ ಮಾತು ಶುರುವಾಯಿತು ಅಂತಲೇ ತಿಳಿಯಿರಿ.

ಅವಳನ್ನು ಕೊಟ್ಟದ್ದು ಕಮತಗಿಗೆ, ನನ್ನನ್ನು ಬಾಗಲಕೋಟೆಗೆ. ಅವಳು ಮಗ್ಗದ ಮನೆಯ ಸೊಸೆ. ನಾನು ಹೈಸ್ಕೂಲಿನಲ್ಲಿ ಟೀಚರು. ಪಂಚಮಿಗೆ ನಾನು ಬಾಗಲಕೋಟೆಯಲ್ಲಿ ಬಸ್ಸು ಹತ್ತಿ ಪಕ್ಕದ ಸೀಟಿಗೆ ಕರವಸ್ತ್ರ ಹಾಕಿಟ್ಟರೆ, ಕಮತಗಿಯಲ್ಲಿ ಅಕ್ಕ ಹತ್ತುತ್ತಿದ್ದಳು, ಬಗಲಲ್ಲಿ ಹಬ್ಬದ ತಿನಿಸು ಅಳ್ಳಿಟ್ಟಿನ ಡಬ್ಬಿ. ಹುನಗುಂದ ದಾಟಿ ಇಳಕಲ್ಲು ಬರುವವರೆಗೂ ಶೇಂಗಾ ಹೆಂಗ ಮಾರತಾರ, ಯಾರ ಮಗಳಿಗೆ ಎಲ್ಲಿ ನೋಡ್ಯಾರ, ಇಷ್ಟೇ. ಖರೆ ಮಾತು ಒಂದೂ ಇಲ್ಲ.

ಖರೆ ಮಾತು ಗಾಳಿಯಲ್ಲೇ ಆಗಬೇಕು. ಅರ್ಧ ಏರುವಾಗ, ಇನ್ನರ್ಧ ಇಳಿಯುವಾಗ. ಅಲ್ಲಿ ಯಾರ ಕಿವಿಯೂ ಎಟುಕುವುದಿಲ್ಲ, ನಡುವೆ ಬಾಯಿ ಹಾಕುವವರಿಲ್ಲ. ಒಂದು ವರ್ಷ "ಡಾಕ್ಟರು ಗರ್ಭಚೀಲ..." ಅಂದವಳು ಮೇಲೆ ಹೋದಳು. ಜೋಕಾಲಿ ತಿರುಗಿ ಬರುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. "...ತಗೀಬೇಕು ಅಂದಾರ. ಮನ್ಯಾಗ ಹೇಳಬ್ಯಾಡ." ಇನ್ನೊಂದು ವರ್ಷ, ಮೊಮ್ಮಗಳ ತೊಟ್ಟಿಲು ತೂಗುವ ವಯಸ್ಸಿನಲ್ಲಿ, "ನಾ ಎಸ್ಸೆಸ್ಸೆಲ್ಸಿ ಪರೀಕ್ಷಾಕ್ಕ ಕಟ್ಟೇನಿ!" ಅಂದಳು. ನಾನು ನಗುವ ಭರದಲ್ಲಿ ಹಗ್ಗವನ್ನೇ ಬಿಡುವವಳಿದ್ದೆ. "ಕೈ ಬಿಡಬ್ಯಾಡ ಹುಚ್ಚಿ, ನೀ ಸತ್ರ ನನಗ ಗಣಿತ ಹೇಳಿಕೊಡಾಕಿ ಯಾರು?"

ಅಂಥ ಜೋಕಾಲಿ ನನಗೆ ತಪ್ಪಿದ್ದು ಒಂದು ಚಳಿಗಾಲದ ಮುಂಜಾನೆಯಿಂದ. ವಾರದ ಹಿಂದೆ ನೆಗಡಿಯಾಗಿತ್ತು. ಆ ದಿನ ನಾನು ಹಾಸಿಗೆಯಿಂದ ಏಳಲು ಹೋದೆ, ಮನೆಯೇ ಎದ್ದಿತು. ಬಾಗಿಲು, ಕ್ಯಾಲೆಂಡರು, ದೇವರ ಫೋಟೋ ಎಲ್ಲ ಒಂದೇ ಕಡೆಗೆ ಓಡತೊಡಗಿದವು. ಕಣ್ಣು ಮುಚ್ಚಿದರೂ ನಿಲ್ಲಲಿಲ್ಲ. ನಮ್ಮ ಯಜಮಾನರು "ಪಿತ್ತ ಕೆದರೇತಿ" ಎಂದು ಲಿಂಬೆಹಣ್ಣಿನ ಪಾನಕ ಮಾಡಿಕೊಟ್ಟರು. ಅದು ಹೊಟ್ಟೆಯಲ್ಲಿ ನಿಲ್ಲದಾಗ "ಹಂಗಾರ ಬಿ.ಪಿ. ಇರಬೇಕು" ಅಂದರು. ಕೊನೆಗೆ ಆಟೋ ತಂದು, ನನ್ನನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ದವಾಖಾನೆಗೆ ಕರೆದೊಯ್ದರು. ಬಲಗಿವಿಯ ಒಳಗಡೆ ಮೈಯ ಸಮತೋಲ ಕಾಯುವ ನರಕ್ಕೆ ಬಾವು ಬಂದಿದೆ, ನೆಗಡಿಯ ಬೆನ್ನಿಗೇ ಹೀಗಾಗುವುದುಂಟು ಎಂದು ಅಲ್ಲಿಯ ಕಿವಿಯ ಡಾಕ್ಟರು ಹೇಳಿದರು.

ತಿರುಗುವುದು ಕೆಲವು ದಿನಗಳಲ್ಲಿ ನಿಂತಿತು. ಉಳಿದದ್ದನ್ನು ಮಂದಿಗೆ ತಿಳಿಸಿ ಹೇಳುವುದೇ ಕಷ್ಟ. ಗಾಯವಿಲ್ಲ, ಜ್ವರವಿಲ್ಲ, ನೋಡಲು ಗಟ್ಟಿಮುಟ್ಟಾಗಿದ್ದೇನೆ. ಆದರೆ ತಲೆ ಹೊರಳಿಸಿದರೆ ಮುಂದಿನ ನೋಟ ಒಂದು ಗಳಿಗೆ ತಡವಾಗಿ ಬಂದು ನಿಲ್ಲುತ್ತಿತ್ತು. ಬೋರ್ಡಿನಿಂದ ಮಕ್ಕಳ ಕಡೆ ತಿರುಗಿದರೆ ಮುಖಗಳೆಲ್ಲ ಹಸಿ ಬಣ್ಣದ ಮೇಲೆ ಕೈ ಎಳೆದಂತೆ ಕಾಣುತ್ತಿದ್ದವು. ಕತ್ತಲಲ್ಲಿ ನಡೆದರೆ ಹತ್ತಿಯ ರಾಶಿ ತುಳಿದಂತಾಗುತ್ತಿತ್ತು. ಸಾಲೆಯ ಮಕ್ಕಳ ಜೊತೆ ಬಾದಾಮಿಗೆ ಹೋದಾಗ ಗುಹೆಯ ಮೆಟ್ಟಿಲು ಹೇಗೋ ಹತ್ತಿಬಿಟ್ಟೆ, ಇಳಿಯಲಾಗಲಿಲ್ಲ. ಕುಳಿತುಕೊಂಡೇ ಒಂದೊಂದಾಗಿ ಇಳಿದೆ. "ಟೀಚರ್, ಜಾರಗುಂಡಿ ಆಡಾಕತ್ತೀರೇನ್ರಿ?" ಎಂದು ಹುಡುಗಿಯರು ನಕ್ಕರು. ನಾನೂ ನಕ್ಕೆ, ಮತ್ತೇನು ಮಾಡಲಿ.

ಆ ವರ್ಷದ ಪಂಚಮಿಗೂ ಜೋಕಾಲಿ ಹತ್ತಿದೆ. ಮೊದಲ ಜೀಕು ಪಾರಾಯಿತು. ಎರಡನೆಯದಕ್ಕೆ ಅಕ್ಕನ ಮುಖ ಎರಡಾಯಿತು, ಬೇವಿನ ಗಿಡ ಅಡ್ಡ ಮಲಗಿತು. ನಾನು ಚೀರಿ ಮಣೆಯ ಮೇಲೇ ಕುಕ್ಕರಿಸಿದೆ. ಅಕ್ಕ ಕಾಲು ನೆಲಕ್ಕೆ ಎಳೆದು ನಿಲ್ಲಿಸಿದಳು, ನನ್ನನ್ನು ಇಳಿಸಿ ತೊಡೆಯ ಮೇಲೆ ಮಲಗಿಸಿಕೊಂಡಳು.

"ಅಕ್ಕಾ, ಏನೋ ಹೇಳಾಕ ಬಾಯಿ ತಗದಿದ್ದೆಲ್ಲ?"

"ಏನಿಲ್ಲ ಬಿಡು."

ಆ "ಏನಿಲ್ಲ ಬಿಡು" ವರ್ಷವಿಡೀ ನನ್ನನ್ನು ಕಾಡಿತು. ಫೋನಿನಲ್ಲಿ ಕೆದಕಿ ಕೇಳಿದೆ, ಎಲ್ಲಾ ಆರಾಮ. ಕಮತಗಿಗೇ ಹೋಗಿ ಅಡುಗೆಮನೆಯಲ್ಲಿ ಕೇಳಿದೆ. ರೊಟ್ಟಿ ತಟ್ಟುತ್ತ "ಪಲ್ಲೆಕ್ಕ ಉಪ್ಪು ನೋಡು" ಅಂದಳು. ನನ್ನ ಕಿವಿ ಕೆಟ್ಟದ್ದಕ್ಕೆ ಅಕ್ಕನ ಮಾತು ನಿಂತುಹೋಗಿತ್ತು.

ಮುಂದಿನ ಮಳೆಗಾಲದ ಹೊತ್ತಿಗೆ ಆ ಕಿವಿಯ ಡಾಕ್ಟರು, ನಿಮ್ಮಂಥವರ ಮೇಲೆ ಇಲ್ಲೇ ಒಂದು ಸಂಶೋಧನೆ ನಡೆದಿದೆ, ಮನಸ್ಸಿದ್ದರೆ ಸೇರಿರಿ ಅಂದರು. ನಡೆಸುತ್ತಿದ್ದವಳು ಮೈಸೂರು ಕಡೆಯ ಎಳೆಯ ಡಾಕ್ಟರು. ಮೊದಲು ಪ್ರಶ್ನೆಗಳು. ಮೆಟ್ಟಿಲು ಇಳಿಯಲು ಕಷ್ಟವೇ? ಹಾಸಿಗೆಯಲ್ಲಿ ಮಗ್ಗುಲಾಗಲು? ಸಂತೆಯ ಗದ್ದಲದಲ್ಲಿ? ಎಲ್ಲಕ್ಕೂ ಹೌದು ಅಂದೆ. ಮತ್ತೇನಾದರೂ ಬಿಟ್ಟಿದ್ದೀರಾ ಎಂದು ಕೇಳಿದಳು.

"ಜೋಕಾಲಿ ಬಿಟ್ಟೇನ್ರಿ."

"ಮಕ್ಕಳನ್ನ ಆಡಿಸೋಕಾ ಮೇಡಂ? ಎಷ್ಟು ವಯಸ್ಸಿನ ಮಕ್ಕಳು?"

"ಮಕ್ಕಳಿಗಲ್ಲ ತಾಯಿ, ನನಗ!"

ಐವತ್ತು ದಾಟಿದ ಟೀಚರು ಗಿಡಕ್ಕೆ ಜೋತುಬಿದ್ದು ಆಡುತ್ತಾಳೆಂದರೆ ಅವಳಿಗೆ ನಂಬಿಕೆಯೇ ಬರಲಿಲ್ಲ. ಅವರ ಕಡೆ ಪಂಚಮಿಗೆ ಜೋಕಾಲಿ ಇಲ್ಲವಂತೆ.

ಆಮೇಲೆ ಪರೀಕ್ಷೆಗಳು. ಕಣ್ಣಿಗೆ ಕ್ಯಾಮೆರಾ ಕೂಡಿಸಿದ ದಪ್ಪ ಕನ್ನಡಕ ಕಟ್ಟಿ ತಿರುಗುವ ಕುರ್ಚಿಯಲ್ಲಿ ಕೂರಿಸಿದರು. ಸ್ಪಂಜಿನ ದಿಂಬಿನ ಮೇಲೆ ನಿಲ್ಲಿಸಿ ಕಣ್ಣು ಮುಚ್ಚಿಸಿದರು. ಬೀಳುವ ಮೊದಲೇ ಹಿಡಿದುಕೊಂಡರು. ಎಡಗಿವಿಗೆ ತಣ್ಣೀರು ಬಿಟ್ಟಾಗ ಕೋಣೆಯೆಲ್ಲ ತಿರುಗಿತು, ಬಲಗಿವಿಗೆ ಬಿಟ್ಟಾಗ ಏನೂ ಆಗಲಿಲ್ಲ. ನಾನು ಖುಷಿಯಿಂದ "ಬಲಗಿವಿ ಆರಾಮ ಐತ್ರಿ" ಅಂದೆ. ಅವಳ ಮುಖ ಸಣ್ಣಗಾಯಿತು. ತಿರುಗಬೇಕಿತ್ತು ಮೇಡಂ, ತಿರುಗದೇ ಇರುವುದೇ ಕಾಯಿಲೆ ಅಂದಳು. ತಲೆ ಅಲ್ಲಾಡಿದ ಸುದ್ದಿಯನ್ನು ಎರಡೂ ಕಿವಿ ಕೂಡಿ ಮೆದುಳಿಗೆ ಮುಟ್ಟಿಸಬೇಕು, ಒಂದು ಸುಮ್ಮನಾದರೆ ಮೆದುಳು ದಾರಿ ತಪ್ಪುತ್ತದೆ. ಜೋಕಾಲಿಯ ಎರಡು ಹಗ್ಗದಲ್ಲಿ ಒಂದು ಸಡಿಲಾದ ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ.

ಅವಳು ತಿಳಿಯಬೇಕಿದ್ದುದು ಒಂದೇ: ಮನೆಯಲ್ಲಿ ದಿನಾ ಕಣ್ಣಿನ ವ್ಯಾಯಾಮ ಮಾಡಿದವರು ಹೆಚ್ಚು ಚೇತರಿಸುತ್ತಾರೋ, ಬರೀ ಅಡ್ಡಾಡಿದವರೋ? ಚೀಟಿ ಎತ್ತಿದಾಗ ನನಗೆ ವ್ಯಾಯಾಮ ಬಂತು. ಗೋಡೆಯ ಮೇಲೊಂದು ಗುರುತು ಮಾಡಿ, ಅದರ ಮೇಲಿನ ನೋಟ ಕದಲಿಸದೆ ತಲೆಯನ್ನು ಅತ್ತಿತ್ತ ಅಲ್ಲಾಡಿಸಬೇಕು. ಅಕ್ಕ ಯಾವಾಗಲೋ ಬಿಟ್ಟುಹೋಗಿದ್ದ, ಹಣೆಗೆ ಅಂಟಿಸುವ ಟಿಕಳಿಯ ಚೀಟಿಯಿಂದ ಒಂದು ಕೆಂಪು ಟಿಕಳಿ ಕಿತ್ತು ಗೋಡೆಗೆ ಹಚ್ಚಿದೆ. ಹಚ್ಚಿದ ಮೇಲೆ ಗೊತ್ತಾಯಿತು, ಅದು ಸರಿಯಾಗಿ ಅಕ್ಕನ ಹಣೆಯ ಎತ್ತರಕ್ಕಿತ್ತು. ಮೊದಮೊದಲು ಟಿಕಳಿ ಹರಿದಾಡುತ್ತಿತ್ತು, ನನಗೆ ಓಕರಿಕೆ ಬರುತ್ತಿತ್ತು. ಯಜಮಾನರು ಪೇಪರು ಸರಿಸಿ ನೋಡಿ "ಏನ ಕೇಳಿದ್ರೂ ಒಲ್ಲೆ ಒಲ್ಲೆ ಅನ್ನಾಕತ್ತಾಳ ನೋಡ" ಎಂದು ಚಾಷ್ಟಿ ಮಾಡುತ್ತಿದ್ದರು. ದಿನ ಹೋದಂತೆ ಟಿಕಳಿ ಒಂದೆಡೆ ನಿಲ್ಲತೊಡಗಿತು.

ಅಷ್ಟರಲ್ಲಿ ಪಂಚಮಿ ಬಂತು. ಕೊನೆಯ ಪರೀಕ್ಷೆ ಇನ್ನೂ ಮುಂದಿತ್ತು. ಜೋಕಾಲಿ ಆಡಲೇ ಎಂದು ಆ ಎಳೆಯ ಡಾಕ್ಟರನ್ನು ಕೇಳಿದೆ.

"ಈಗ ಬೇಡ ಮೇಡಂ. ಬೀಳ್ತೀರಿ ಅನ್ನೋದು ಒಂದು. ಜೋಕಾಲಿನೂ ಕಿವಿಗೆ ವ್ಯಾಯಾಮವೇ. ನಾಳೆ ನಿಮಗೆ ಗುಣ ಕಂಡ್ರೆ ಅದು ಗೋಡೆ ಚುಕ್ಕಿಯಿಂದ ಆಯ್ತೋ ಜೋಕಾಲಿಯಿಂದ ಆಯ್ತೋ, ನಾನು ಹೇಗೆ ಹೇಳ್ಲಿ? ನೀವು ಬೇಕಾದ್ರೆ ಸಂಶೋಧನೆ ಬಿಡಬಹುದು. ಬಲವಂತ ಇಲ್ಲ."

ಬಿಡಬಹುದಿತ್ತು. ಆದರೆ ಈಗಲೇ ಜೋಕಾಲಿ ಹತ್ತಿ ಮತ್ತೆ ತಲೆ ತಿರುಗಿದರೆ ಅಕ್ಕ ಇನ್ನೆಂದೂ ಹತ್ತಗೊಡುವುದಿಲ್ಲ ಎಂಬ ಅಂಜಿಕೆ ನನಗಿತ್ತು. ಒಪ್ಪಿ ಬಂದು ಅವಳಿಗೆ ಫೋನು ಮಾಡಿದೆ.

"ಯಾವಾಕಿ ಅಕಿ, ಪಂಚಮಿಗೆ ಜೋಕಾಲಿ ಬ್ಯಾಡ ಅನ್ನಾಕಿ? ಅಕಿಗೆ ತವರಮನಿ ಇಲ್ಲೇನು?"

"ಸ್ವಲ್ಪ ದಿನ ತಡಿ ಅಕ್ಕಾ. ಪರೀಕ್ಷಾ ಮುಗೀಲಿ."

"ನಾ ನಿನಗ ಹೇಳಿ ಪರೀಕ್ಷಾಕ್ಕ ಕುಂತಿದ್ದೆ. ನೀ ನನಗ ಹೇಳಲಾರದ ಕುಂತೀಯಲ್ಲ?"

ಹಬ್ಬದ ದಿನ ಓಣಿಯ ಹೆಣ್ಣುಮಕ್ಕಳೆಲ್ಲ ಬಂದು ಜೀಕಿ ಹೋದರು. ಅಕ್ಕ ಹಿತ್ತಲ ಬಾಗಿಲಲ್ಲಿ ನನ್ನ ಪಕ್ಕ ಕುಳಿತೇ ಇದ್ದಳು. ಯಾರು ಕರೆದರೂ ಏಳಲಿಲ್ಲ. "ಇಲ್ಲೇ ಹೇಳ್ಬಾರದೇನ, ಯಾರೂ ಇಲ್ಲ" ಅಂದೆ. "ನೆಲದ ಮ್ಯಾಲ ನನ್ನ ನಾಲಗಿ ಏಳಂಗಿಲ್ಲವ್ವಾ" ಅಂದಳು. ಹೊರಡುವಾಗ ತವರುಮನೆಯಲ್ಲಿರುವ ನಮ್ಮ ತಮ್ಮನಿಗೆ ಕಟ್ಟಪ್ಪಣೆ ಮಾಡಿದಳು: "ಹಗ್ಗ ಬಿಚ್ಚಿದ್ರ ನೋಡು."

ತಮ್ಮ ಬಿಚ್ಚಲಿಲ್ಲ. ಗಣಪತಿ ಹಬ್ಬ ಬಂದರೂ ಜೋಕಾಲಿ ತೂಗುತ್ತಿತ್ತು. "ನಿಮ್ಮ ಗಣಪ್ಪ ಜೋಕಾಲಿ ಆಡ್ತಾನೇನ್ರಿ?" ಎಂದು ನೆರೆಯವರು ತಮ್ಮನ ಹೆಂಡತಿಯನ್ನು ಕಾಡಿಸುತ್ತಿದ್ದರಂತೆ.

ಕೊನೆಯ ಪರೀಕ್ಷೆಯಲ್ಲಿ ಸ್ಪಂಜಿನ ಮೇಲೆ ಕಣ್ಣು ಮುಚ್ಚಿ ನಿಂತೆ. ತೂಗಾಡಿದೆ, ಬೀಳಲಿಲ್ಲ. ಬಲಗಿವಿಗೆ ತಣ್ಣೀರು ಬಿಟ್ಟರು. ಈ ಸಲ ತಿರುಗಲಿ ಎಂದು ಬೇಡಿಕೊಂಡೆ. ತಿರುಗಲಿಲ್ಲ.

"ಆ ನರ ಹಾಗೇ ಇದೆ ಮೇಡಂ. ಅದು ಇನ್ನು ಬರಲ್ಲ ಅನ್ಸುತ್ತೆ. ಅದಿಲ್ಲದೇ ನಡೆಯೋದನ್ನ ನಿಮ್ಮ ಮೆದುಳು ಕಲೀತಿದೆ."

"ವ್ಯಾಯಾಮದ್ದ ಗುಣ ಏನ್ರಿ ಇದು?"

"ಎಲ್ಲರದೂ ಕೂಡಿಸಿ ನೋಡೋವರೆಗೆ ನನಗೂ ಗೊತ್ತಿಲ್ಲ" ಅಂದಳು. ಹೊರಗೆ ಬರುವಾಗ ಅವಳೇ ಕರೆದು ಕೇಳಿದಳು: "ಜೋಕಾಲಿಯಲ್ಲಿ ನಿಮ್ಮ ಎದುರಿಗೆ ಒಬ್ರು ನಿಂತಿರ್ತಾರೆ ಅಂದ್ರಲ್ಲ? ಅವರ ಮುಖ ಬಿಟ್ಟು ಬೇರೆಲ್ಲೂ ನೋಡ್ಬೇಡಿ. ಅವರೂ ನಿಮ್ಮ ಜೊತೇನೇ ಹೋಗಿ ಬರ್ತಾರೆ. ಅವರೊಬ್ರೇ ನಿಮಗೆ ನಿಂತಂತೆ ಕಾಣೋದು."

ಆ ರವಿವಾರವೇ ಬಸ್ಸು ಹತ್ತಿ ಕರವಸ್ತ್ರ ಹಾಕಿದೆ. ಕಮತಗಿಯಲ್ಲಿ ಅಕ್ಕ ಬಾಗಿಲ ಕಬ್ಬಿಣದ ಸಳಿ ಹಿಡಿದು ಒಂದೊಂದೇ ಕಾಲು ಎತ್ತಿಟ್ಟು ಹತ್ತಿದಳು. ಅವಳ ಮೊಣಕಾಲು ಅಷ್ಟು ಹಿಡಿದದ್ದನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ.

ಮಣೆಯ ಮೇಲೆ ನಿಂತೆವು. ಜೀಕಲು ಅವಳಿಗೆ ಕಾಲು ಮಡಚದು, ನನಗೆ ಧೈರ್ಯ ಸಾಲದು. ತಮ್ಮನ ಹೆಂಡತಿ ಹಿಂದಿನಿಂದ ಮೆಲ್ಲಗೆ ನೂಕಿ ಒಳಗೆ ಹೋದಳು. ಮೊದಲಿನಂತೆ ಬೇವಿನ ಟೊಂಗೆಗೆ ತಾಕುವ ಜೋಕಾಲಿಯಲ್ಲ, ಕೂಸಿನ ತೊಟ್ಟಿಲಿನಷ್ಟು. ಬದಿಯಲ್ಲಿ ಗೋಡೆ, ಗಿಡ, ಆಕಾಶ ಎಲ್ಲ ಹರಿದಾಡಿದವು. ನಾನು ಅಕ್ಕನ ಹಣೆಯ ಟಿಕಳಿಯನ್ನೇ ನೋಡಿದೆ. ಅದು ನಿಂತಿತ್ತು.

"ಹೇಳು."

ಅಕ್ಕ ಬಾಯಿ ತೆರೆದಳು. ಜೋಕಾಲಿ ಹೋಗಿ ಬಂತು. ಮತ್ತೊಮ್ಮೆ ಹೋಗಿ ಬಂತು.

"ಒಂದಿತ್ತು. ಭಾಳ ದೊಡ್ಡದಿತ್ತು..." ಏರಿದಳು. ಇಳಿದಳು. "...ಈಗಿಲ್ಲ."

"ಏನದು?"

"ಮುಗದೈತಿ ಬಿಡು. ಹೇಳಾಕ ನೀ ಇರಲಿಲ್ಲ. ಒಬ್ಬಾಕಿನ ಮುಗಿಸಿಕೊಂಡೆ."

ಸಿಟ್ಟಿಲ್ಲ, ಅಳುವಿಲ್ಲ; ರೊಟ್ಟಿ ಮುಗಿದವು ಅನ್ನುವಂತೆ ಹೇಳಿದಳು. ಆಮೇಲೆ ಮಗಳು ಇವಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದು, ಅಳಿಯ ಅದನ್ನು ನೋಡಿ ಬೆರಗಾದದ್ದು ಹೇಳಿ ನಗಿಸಿದಳು. ಜೋಕಾಲಿ ತಾನಾಗಿ ನಿಂತಿತು. ಇಳಿದಾಗ ನನ್ನ ಕಾಲ ಕೆಳಗೆ ನೆಲ ಇನ್ನೂ ತೂಗುತ್ತಿತ್ತು. ಅಕ್ಕನ ಹೆಗಲು ಹಿಡಿದೆ, ಅವಳು ಮೊಣಕಾಲ ನೋವಿಗೆ ನನ್ನನ್ನು ಹಿಡಿದಳು.

ಈಗ ಪ್ರತಿ ಪಂಚಮಿಗೂ ಅಷ್ಟೇ ಎತ್ತರದ ಜೋಕಾಲಿ ಆಡುತ್ತೇವೆ, ಅಕ್ಕನ ಮಾತೂ ಬರುತ್ತದೆ. ಆ ಒಂದು ಮಾತು ಮಾತ್ರ ಬಂದಿಲ್ಲ, ನಾನೂ ಕೇಳಿಲ್ಲ. ಸಂಶೋಧನೆ ಮುಗಿದರೂ ಗೋಡೆಯ ಟಿಕಳಿ ಕಿತ್ತಿಲ್ಲ. ಮುಂಜಾನೆ ಅದರ ಮುಂದೆ ನಿಂತು ತಲೆ ಅಲ್ಲಾಡಿಸುತ್ತೇನೆ. ಅದು ಕದಲದೆ ನಿಂತಾಗ, ಅದರ ಕೆಳಗೆ ಅಕ್ಕನ ಬಾಯಿ ಏನೋ ಹೇಳಲು ತೆರೆದು ಮೇಲೆ ಹೋಗಿದೆ, ಇನ್ನೇನು ತಿರುಗಿ ಬರುತ್ತದೆ ಎಂದು ಒಂದು ಗಳಿಗೆ ಹೆಚ್ಚೇ ನಿಲ್ಲುತ್ತೇನೆ.