ಸೆರಗಿನೊಳಗಿನ ಕೈ

ಗಂಗವ್ವ ಒಂದೇ ಕೈಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಎಡಗೈ ಯಾವಾಗಲೂ ಸೆರಗಿನೊಳಗೆ. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳು, ಅಂಚೆಲ್ಲ ಸೀಳು. "ಸಾಲ್ಯಾಗ ನಕಾಶೆ ಕಲಸ್ತೀರಲ್ಲ ಅಕ್ಕೋರ, ಇದು ಯಾವ ಜಿಲ್ಲಾ ಹೇಳ್ರಿ," ಎಂದು ನನ್ನ ತಾಟಿಗೆ ಹಾಕುತ್ತಿದ್ದಳು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹುನಗುಂದದಲ್ಲಿ ಶಿಕ್ಷಕಿ. ಗಂಗವ್ವ ಪಕ್ಕದ ಮನೆಯವಳು, ವಿಧವೆ. ಮಗಳು ಶಾಂತಾ ನನ್ನ ತರಗತಿಯಲ್ಲೇ ಇದ್ದಳು. ಊರ ಹೊರಗಿನ ಹತ್ತಿ ಮಿಲ್ಲಿನಲ್ಲಿ ಯಂತ್ರದ ಪಟ್ಟಾ ಗಂಗವ್ವನ ಎಡಗೈಯನ್ನು ಎಳೆದುಕೊಂಡಿತ್ತು. ಗಾಯ ಮಾಯಿತು, ಬೆರಳು ಬಿಚ್ಚಲಿಲ್ಲ. ಪರಿಹಾರದ ಅರ್ಜಿಯನ್ನು ಅಧಿಕಾರಿ ತಳ್ಳಿಹಾಕಿದರು. ಕೈಯಲ್ಲಿ ದೋಷವಿಲ್ಲವೆಂದು ಡಾಕ್ಟರು ಬರೆದುಕೊಟ್ಟಿದ್ದರು. ಅದರ ಮೇಲೆ ಗಂಗವ್ವ ಕೋರ್ಟಿಗೆ ಹೋದಳು.

"ಕೇಸ್ ಸೋತ್ರ ಶಾಂತಾನ್ನ ಕಳಸು ಅಂತಾರ ಮಿಲ್ಲಿನವರು. ಅದ ಮಷೀನಿಗೆ," ಎಂದು ಒಮ್ಮೆ ಹೇಳಿದಳು. ಮತ್ತೆ ಆ ಮಾತು ತೆಗೆಯಲಿಲ್ಲ.

ಅವಳ ಒಂದು ರೂಢಿ ಹೇಳಬೇಕು. ಯಾರಿಗೇ ಏನೇ ಕೊಡುವುದಿದ್ದರೂ ಬಲಗೈಯಲ್ಲೇ ಕೊಡುತ್ತಿದ್ದಳು. ಬಲಗೈಯಲ್ಲಿ ಕೊಡ ಇದ್ದರೆ ಕೊಡ ಕೆಳಗಿಟ್ಟು, ಕೈ ಒರೆಸಿಕೊಂಡು, ಆಮೇಲೆ ಕೊಡುವಳು. ನಮ್ಮ ಕಡೆ ಎಲ್ಲರೂ ಹಾಗೆಯೇ. ಅವಳು ಸ್ವಲ್ಪ ಹೆಚ್ಚು.

ಬಾಗಲಕೋಟೆಯ ಕೋರ್ಟಿಗೆ ನಾನೂ ಜೊತೆಗೆ ಹೋದೆ. ಡಾಕ್ಟರು ಮೊದಲು ಹೇಳಿಕೆ ಕೊಟ್ಟರು. "ಕೈ ಹಿಡಿದು ನೋಡಿದ್ದೇನೆ. ಬೆರಳು ಸರಿಯಾಗಿ ಆಡುತ್ತಿದ್ದವು." ಅವರ ದನಿಯಲ್ಲಿ ಸುಳ್ಳು ಇರಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ.

ಗಂಗವ್ವ ಕಟಕಟೆ ಹತ್ತಿದಳು. ಮಿಲ್ಲಿನ ವಕೀಲರು ಕೇಳಿದರು: "ಮನ್ಯಾಗ ರೊಟ್ಟಿ ಯಾರು ಮಾಡ್ತಾರ?"

"ನಾನ ಮಾಡ್ತೇನ್ರಿ."

"ಅಂದ್ರ ಕೈ ಛಲೋ ಐತಿ."

"ಒಮ್ಮೆ ಉಂಡು ನೋಡ್ರಿ, ಗೊತ್ತಾಗತೈತಿ."

ಹಿಂದೆ ಕೂತವರು ನಕ್ಕರು. ನ್ಯಾಯಾಧೀಶರು ನಗಲಿಲ್ಲ. "ಕೈ ತೋರಿಸಮ್ಮಾ," ಎಂದರು.

ಗಂಗವ್ವ ಬಲಗೈ ಚಾಚಿದಳು.

"ನೋಡ್ರಿ ಸಾಹೇಬ್ರ, ಇದಕ್ಕೇನಾಗೇತಿ?" ಎಂದರು ಮಿಲ್ಲಿನ ವಕೀಲರು. ನಮ್ಮ ವಕೀಲರು ಎದ್ದು, "ಎಡಗೈ, ಗಂಗವ್ವಾ, ಎಡಗೈ," ಎಂದರು. ಅವಳು ಅಲ್ಲಾಡಲಿಲ್ಲ. ಸೆರಗನ್ನು ಇನ್ನೂ ಬಿಗಿಯಾಗಿ ಎಳೆದುಕೊಂಡಳು. ಕೇಸು ಅಲ್ಲೇ ಮುಗಿಯಿತು ಎಂದುಕೊಂಡೆ.

"ದೊಡ್ಡವರ ಮುಂದ ಎಡಗೈ ಹೆಂಗ ಚಾಚಲ್ರಿ?" ಎಂದಳು.

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. "ಡಾಕ್ಟರರಿಗೆ ಯಾವ ಕೈ ಕೊಟ್ಟಿದ್ದೆ?"

"ಭಾಳ ಮಂದಿ ಸಾಲು ಹಚ್ಚಿದ್ರು. ಡಾಕ್ಟರು ಕೈ ತಾ ಅಂದ್ರು, ತಲಿ ಎತ್ತಲಿಲ್ಲ. ಬಲಗೈ ಕೊಟ್ಟೆ. ಅವರೂ ದೊಡ್ಡವರ ಅಲ್ರಿ?"

ಡಾಕ್ಟರು ನೆಲ ನೋಡುತ್ತಿದ್ದರು.

"ನಾನೇ ಕೇಳುತ್ತಿದ್ದೇನೆ. ತಪ್ಪಿಲ್ಲ, ತೋರಿಸು," ಎಂದರು ನ್ಯಾಯಾಧೀಶರು.

ಅವಳು ನನ್ನ ಕಡೆ ನೋಡಿದಳು. ಆಮೇಲೆ ಕೈ ಹೊರಗೆ ಬಂತು. ವರ್ಷಗಟ್ಟಲೆ ಪಕ್ಕದಲ್ಲಿದ್ದೂ ನಾನು ಅದನ್ನು ಪೂರ್ತಿ ನೋಡಿದ್ದು ಅವತ್ತೇ. ನಾಲ್ಕೂ ಬೆರಳು ಕೊಂಡಿಯ ಹಾಗೆ ಒಳಕ್ಕೆ ಮಡಚಿಕೊಂಡಿದ್ದವು. ಉಗುರು ಒತ್ತಿದಲ್ಲಿ ಅಂಗೈ ಕಪ್ಪಾಗಿತ್ತು.

"ಬಿಚ್ಚು," ಎಂದರು.

"ಬಿಚ್ಚೂದಿಲ್ರಿ," ಎಂದಳು ಮೆಲ್ಲಗೆ.

ಮತ್ತೆ ತಪಾಸಣೆಗೆ ಆದೇಶವಾಯಿತು, ಬೇರೆ ಡಾಕ್ಟರರಿಂದ. ಕೊನೆಗೆ ತೀರ್ಪು ಅವಳ ಕಡೆಗೇ ಬಂತು. ಶಾಂತಾ ಸಾಲೆ ಬಿಡಲಿಲ್ಲ. ಗಂಗವ್ವನ ಕೈ ಮಾತ್ರ ಮತ್ತೆ ಸೆರಗಿನೊಳಗೆ ಸೇರಿತು.

ನನಗೆ ಬಾದಾಮಿಗೆ ವರ್ಗವಾದಾಗ ಬಸ್ ಸ್ಟ್ಯಾಂಡಿಗೆ ಬಂದಳು. ನಾನು ಕಿಟಕಿಯ ಪಕ್ಕ ಕೂತಿದ್ದೆ. ಅವಳ ಬಲಗೈ ಖಾಲಿಯೇ ಇತ್ತು. ಸೆರಗು ಸರಿಸಿ, ಜನರೆದುರಿಗೇ ಎಡಗೈ ಎತ್ತಿದಳು. ಮಡಚಿದ ಬೆರಳುಗಳಿಗೆ ರೊಟ್ಟಿಯ ಗಂಟು ಸಿಕ್ಕಿಸಿಕೊಂಡಿದ್ದಳು.

"ನಿಮಗೇನು ಮರ್ಯಾದಿ ಕೊಡೂದೈತಿ ಅಕ್ಕೋರ, ತಗೋರಿ."

ಗಂಟು ಬಿಡಿಸಿಕೊಳ್ಳಲು ನಾನು ಆ ಕೈ ಹಿಡಿಯಬೇಕಾಯಿತು. ಬೆಚ್ಚಗಿತ್ತು. ಅಷ್ಟರಲ್ಲಿ ಬಸ್ಸು ಹೊರಟಿತು. ಗಂಗವ್ವನನ್ನು ಮತ್ತೆ ನೋಡುವುದಾಗಲಿಲ್ಲ.